ವಧ್ಯನೂ ವಧಕನೂ ಒಂದೇ ದಾರಿಯಲ್ಲಿ: ‘ರಾಮಾ ರಾಮಾ ರೇ’ ಚಿತ್ರದ ವಿಚಾರ

೧

ಸಂಶೋಧನೆಗೆ ಮೀಸಲಾದ ತ್ರೈಮಾಸಿಕದಲ್ಲಿ ಚಲನಚಿತ್ರವೊಂದರ ವಿಚಾರಕ್ಕೆ ಇಷ್ಟು ಪುಟಗಳನ್ನು ಕೊಡುವುದು ಉಚಿತವೇ ಎಂದು ಕೆಲವು ವಾಚಕರು ಶಂಕಿಸಬಹುದು. ಶಾಸನ, ಛಂದಸ್ಸು, ಕವಿಕಾಲ ನಿರ್ಣಯ ಮೊದಲಾದ ವಿಷಯಗಳ ಸಾಲಿನಲ್ಲಿ ಕುಳಿತುಕೊಳ್ಳುವ ಯೋಗ್ಯತೆ ಚಿತ್ರಪಟಕ್ಕೆ ಉಂಟೇ ಎಂಬುದು ಆ ಶಂಕೆಯ ತಿರುಳು. ನಮ್ಮ ಪ್ರಾಚೀನ ಕಥಾಸಾಹಿತ್ಯ ಶತಮಾನಗಳ ಕಾಲ ಚಿಂತಿಸಿದ ಪ್ರಶ್ನೆಯೊಂದನ್ನು ನಮ್ಮ ಕಾಲದ ಚಿತ್ರವೊಂದು ತನಗೆ ತಿಳಿದೋ ತಿಳಿಯದೆಯೋ ಮತ್ತೆ ಎತ್ತಿಕೊಂಡಿದ್ದರೆ, ಅದನ್ನು ಆ ಸಾಹಿತ್ಯದ ಪಕ್ಕದಲ್ಲಿಟ್ಟು ನೋಡುವುದು ವಿಮರ್ಶಕನ ಕರ್ತವ್ಯವೇ ಆಗುತ್ತದೆ. ೨೦೧೬ರ ಅಕ್ಟೋಬರಿನಲ್ಲಿ ತೆರೆಗೆ ಬಂದ, ಶ್ರೀ ಡಿ. ಸತ್ಯಪ್ರಕಾಶ್ ಅವರು ನಿರ್ದೇಶಿಸಿದ ಪ್ರಥಮ ಚಿತ್ರವಾದ ‘ರಾಮಾ ರಾಮಾ ರೇ’ ಅಂಥ ಒಂದು ಕೃತಿ.

ಕಥಾವಸ್ತುವನ್ನು ಎರಡೇ ಮಾತಿನಲ್ಲಿ ಹೇಳಬಹುದು. ಮರಣದಂಡನೆಗೆ ಗುರಿಯಾದ ಕೈದಿಯೊಬ್ಬ ಸೆರೆಮನೆಯಿಂದ ತಪ್ಪಿಸಿಕೊಂಡು ಓಡುತ್ತಾನೆ. ಅವನನ್ನು ಗಲ್ಲಿಗೇರಿಸಬೇಕಾದ ಮುದುಕನೊಡನೆಯೇ ದಾರಿಯಲ್ಲಿ ಅವನಿಗೆ ಜೊತೆಯಾಗುತ್ತದೆ. ಕೈದಿಯ ಹೆಸರು ಸ್ಯಾಂಡಲ್‌ರಾಜ, ಮುದುಕನ ಹೆಸರು ರಾಮಣ್ಣ. ಉತ್ತರ ಕರ್ನಾಟಕದ ಮರವಿಲ್ಲದ ಬಯಲಿನಲ್ಲಿ ಒಂದು ಹಳೆಯ ಜೀಪು ಇವರನ್ನು ಹೊತ್ತು ಸಾಗುತ್ತದೆ. ಮನೆಬಿಟ್ಟು ಓಡಿಬಂದ ಪ್ರೇಮಿಗಳೂ ಮತ್ತಿತರರೂ ನಡುವೆ ಕೂಡಿಕೊಳ್ಳುತ್ತಾರೆ. ಕೈದಿಯಾಗಿ ನಟರಾಜ್, ಮುದುಕನಾಗಿ ಕೆ. ಜಯರಾಮ್, ಜೊತೆಯ ಪಾತ್ರಗಳಲ್ಲಿ ಧರ್ಮಣ್ಣ ಕಡೂರು, ಬಿಂಬಶ್ರೀ ನೀನಾಸಂ ಇವರು ಅಭಿನಯಿಸಿದ್ದಾರೆ. ಕಥೆಯ ಅಂತ್ಯವನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ತಾವೇ ಕಾಣುವ ಹಕ್ಕು ಇನ್ನೂ ನೋಡದವರಿಗೆ ಇರಲಿ. ಪ್ರಕೃತ ಲೇಖನಕ್ಕೆ ಬೇಕಾದದ್ದು ಅಂತ್ಯಕ್ಕಿಂತ ಹೆಚ್ಚಾಗಿ ದಾರಿ.

ಕೊಂದವನೊಬ್ಬ ತಾನೂ ಸಾಯಲಿರುವಾಗ, ನಾಲ್ಕು ಜನರ ಸಹವಾಸದಿಂದ ಮತ್ತೆ ಮನುಷ್ಯನಾಗಬಲ್ಲನೆ? ಆದರೆ ಅಷ್ಟರಿಂದಲೇ ಅವನ ಪಾಪ ತೀರಿತೆ? ಈ ಎರಡು ಪ್ರಶ್ನೆಗಳು ಮೇಲ್ನೋಟಕ್ಕೆ ಒಂದೇ ಎಂಬಂತೆ ತೋರುತ್ತವೆ. ಅವು ಬೇರೆ ಬೇರೆ ಎಂಬುದನ್ನೂ, ಚಿತ್ರದ ಶಕ್ತಿ ಮೊದಲನೆಯದರಲ್ಲಿಯೂ ಅದರ ಕೊರತೆ ಎರಡನೆಯದರಲ್ಲಿಯೂ ಇದೆಯೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಹೆಸರಿನ ವಿಚಾರ. ‘ರಾಮ ರಾಮಾ’ ಎಂಬುದು ಕನ್ನಡದ ಬಾಯಲ್ಲಿ ಒಂದು ಉದ್ಗಾರ. ಆಯಾಸವಾದಾಗ, ಕೇಳಬಾರದ ಸುದ್ದಿಯನ್ನು ಕೇಳಿದಾಗ, ಪಾಪದ ಮಾತು ಕಿವಿಗೆ ಬಿದ್ದಾಗ ನಮ್ಮ ಹಿರಿಯರು ಇದನ್ನೇ ನುಡಿಯುತ್ತಾರೆ. ನಾವು ಹೈದರಾಬಾದಿನ ಕನ್ನಡಿಗರು ಇದೇ ಮಾತನ್ನು ಇನ್ನೂ ಎರಡು ಅರ್ಥಗಳಲ್ಲಿ ಬಲ್ಲೆವು. ನನ್ನ ನಿತ್ಯದ ಕೆಲಸ ಬೇಗಂ ಬಜಾರಿನಲ್ಲಿ. ಎರಡನೆಯ ಆಸಫ್‌ಜಾ ನಿಜಾಂ ಅಲಿಖಾನನ ಬೇಗಮಳು ವರ್ತಕರಿಗೆ ಕೊಟ್ಟ ಭೂಮಿಯಲ್ಲಿ ಬೆಳೆದದ್ದೆಂದು ಪ್ರತೀತಿಯಿರುವ ಈ ಪೇಟೆಯಲ್ಲಿ ಮಾರವಾಡಿ ವರ್ತಕರು ಒಬ್ಬರನ್ನೊಬ್ಬರು ಕಂಡಾಗ ‘ರಾಮ್ ರಾಮ್’ ಎನ್ನುತ್ತಾರೆ; ಅದು ಅವರ ನಮಸ್ಕಾರ. ಅದೇ ಓಣಿಯಲ್ಲಿ ಶವಯಾತ್ರೆ ಹೊರಟಾಗಲೂ ಕೇಳಿಸುವುದು ರಾಮನಾಮವೇ. ಬರುವವನನ್ನು ಸ್ವಾಗತಿಸುವ ಮಾತೂ ಹೋಗುವವನನ್ನು ಕಳಿಸಿಕೊಡುವ ಮಾತೂ ಇಲ್ಲಿ ಒಂದೇ ಆಗಿವೆ.

ಚಿತ್ರದ ಹೆಸರಿನಲ್ಲಿ ಈ ಮೂರು ಅರ್ಥಗಳೂ ಕೂಡಿಕೊಂಡಿವೆಯೆಂದು ನನಗೆ ತೋರುತ್ತದೆ. ದಾರಿಯಲ್ಲಿ ಅಪರಿಚಿತರು ಭೇಟಿಯಾಗುತ್ತಾರೆ: ಅದು ನಮಸ್ಕಾರದ ‘ರಾಮ ರಾಮ’. ಭೇಟಿಯಾದವರಲ್ಲೊಬ್ಬನು ಸಾಯಬೇಕಾದವನು: ಅದು ಶವಯಾತ್ರೆಯ ‘ರಾಮ ರಾಮ’. ಅವನನ್ನು ಕೊಲ್ಲಬೇಕಾದವನೂ ಅದೇ ಬಂಡಿಯಲ್ಲಿದ್ದಾನೆಂಬುದನ್ನು ಕಂಡಾಗ ನೋಡುವವನ ಬಾಯಿಂದ ಹೊರಡುವುದು ಉದ್ಗಾರದ ‘ರಾಮ ರಾಮಾ’. ಗಲ್ಲಿಗೇರಿಸುವ ಮುದುಕನ ಹೆಸರಿನಲ್ಲೂ ರಾಮನೇ ಇದ್ದಾನೆ. ಅದರ ತುದಿಗೆ ‘ಅಣ್ಣ’ ಎಂಬ ಬಂಧುವಾಚಕವೂ ಇದೆ. ತನ್ನ ಕೊರಳಿಗೆ ಹಗ್ಗ ಹಾಕಬೇಕಾದವನನ್ನು ಹೆಸರು ಹಿಡಿದು ಕರೆದರೆ ಸಾಕು, ‘ಅಣ್ಣ’ ಎಂದು ಕರೆದಂತಾಗುತ್ತದೆ. ಕನ್ನಡದ ಹೆಸರುಗಳ ಈ ಸಹಜ ಗುಣವನ್ನು ಚಿತ್ರಕಾರರು ಎತ್ತಿ ತೋರಿಸಿಲ್ಲ; ಹಾಗೆ ತೋರಿಸದೆ ಬಿಟ್ಟದ್ದೇ ಔಚಿತ್ಯ.

೩

ನೇಣು ಹಾಕುವವನನ್ನು ಕುರಿತ ಚಿತ್ರಗಳು ದಕ್ಷಿಣ ಭಾರತದಲ್ಲಿ ಇದಕ್ಕೂ ಮೊದಲು ಬಂದಿವೆ. ಮಲೆಯಾಳದಲ್ಲಿ ಅಡೂರು ಗೋಪಾಲಕೃಷ್ಣನ್ ಅವರ ‘ನಿಳಲ್‌ಕುತ್ತು’ (೨೦೦೨) ಪ್ರಸಿದ್ಧವಾದದ್ದು. ತಿರುವಾಂಕೂರು ಸಂಸ್ಥಾನದ ಕಾಲದ ಆ ನೇಣುಗಾರ ತಾನು ಗಲ್ಲಿಗೇರಿಸಿದವರಲ್ಲಿ ನಿರಪರಾಧಿಯೊಬ್ಬನಿದ್ದನೆಂಬ ಕೊರಗಿನಲ್ಲಿ ಮದ್ಯಕ್ಕೆ ಶರಣಾಗಿದ್ದಾನೆ. ಆದರೂ ಅವನ ನೇಣುಹಗ್ಗದ ಬೂದಿಯನ್ನು ರೋಗಿಗಳು ಔಷಧವೆಂದು ಬೇಡಿಕೊಂಡು ಬರುತ್ತಾರೆ. ತಮಿಳಿನಲ್ಲಿ ಎಸ್. ಪಿ. ಜನನಾಥನ್ ಅವರ ‘ಪುರಂಪೋಕ್ಕು’ (೨೦೧೫) ಕೈದಿ, ಅಧಿಕಾರಿ, ನೇಣುಗಾರ ಈ ಮೂವರನ್ನು ಎದುರುಬದುರಾಗಿ ನಿಲ್ಲಿಸಿ ಮರಣದಂಡನೆಯ ನ್ಯಾಯಾನ್ಯಾಯಗಳನ್ನು ಚರ್ಚಿಸುತ್ತದೆ. ಇನ್ನೂ ಹಿಂದೆ ಹೋದರೆ ವಿ. ಶಾಂತಾರಾಮ್ ಅವರ ‘ದೋ ಆಂಖೇಂ ಬಾರಹ್ ಹಾಥ್’ (೧೯೫೭) ಇದೆ. ಅಲ್ಲಿ ಆರು ಮಂದಿ ಕೊಲೆಗಡುಕರನ್ನು ಜೈಲರನೊಬ್ಬ ಬಯಲಿಗೆ ಕರೆದೊಯ್ದು, ಉತ್ತು ಬಿತ್ತುವ ಕೆಲಸದಿಂದ ತಿದ್ದುತ್ತಾನೆ.

ಈ ಮೂರರೊಡನೆ ಹೋಲಿಸಿದಾಗ ‘ರಾಮಾ ರಾಮಾ ರೇ’ ಹಿಡಿದ ಮಾರ್ಗ ಸ್ಪಷ್ಟವಾಗುತ್ತದೆ. ಅಡೂರರ ಚಿತ್ರದಲ್ಲಿ ನೇಣುಗಾರ ಒಂಟಿ. ಅವನ ಕೈಗೆ ಬರುವ ಕೈದಿ ಅವನಿಗೆ ಅಪರಿಚಿತ. ಜನನಾಥನ್‌ರ ಚಿತ್ರದಲ್ಲಿ ತತ್ವಗಳು ಪರಸ್ಪರ ವಾದಿಸುತ್ತವೆ. ಶಾಂತಾರಾಮರಲ್ಲಿ ತಿದ್ದುವವನು ಮೇಲೆ, ತಿದ್ದಿಸಿಕೊಳ್ಳುವವರು ಕೆಳಗೆ. ಸತ್ಯಪ್ರಕಾಶರ ಜೀಪಿನಲ್ಲಿ ಮಾತ್ರ ಇಬ್ಬರೂ ಒಂದೇ ಎತ್ತರದಲ್ಲಿ ಕುಳಿತಿದ್ದಾರೆ. ಯಾರೂ ಯಾರಿಗೂ ಉಪದೇಶ ಮಾಡುವ ಸ್ಥಾನದಲ್ಲಿಲ್ಲ. ಒಬ್ಬನಿಗೆ ಸಾವು ಸಮೀಪದಲ್ಲಿರುವುದು ನ್ಯಾಯಾಲಯದ ತೀರ್ಪಿನಿಂದ, ಇನ್ನೊಬ್ಬನಿಗೆ ವಯಸ್ಸಿನಿಂದ. ಜಯರಾಮ್ ಅವರ ಅಭಿನಯದ ಮೆಚ್ಚತಕ್ಕ ಗುಣವೆಂದರೆ ಈ ಎರಡನೆಯ ಸಾವನ್ನು ಅವರು ಬಾಯಿಬಿಟ್ಟು ಹೇಳದೆ ಮುಖದಲ್ಲಿಟ್ಟುಕೊಂಡಿರುವುದು. ನಟರಾಜ್ ಅವರ ಕೈದಿಯಲ್ಲಿ ಸದಾ ಹಿಂದಕ್ಕೆ ತಿರುಗಿ ನೋಡುವವನ ಬಿಗುವಿದೆ. ಮುದುಕನಲ್ಲಿ ಅಂಥ ಅವಸರವಿಲ್ಲ. ಈ ಎರಡು ನಡೆಗಳ ವ್ಯತ್ಯಾಸವೇ ಚಿತ್ರದ ಲಯ.

ಸೆರೆಮನೆಯಿಂದ ಓಡಿಹೋಗುವ ಕಥೆ ಕನ್ನಡ ಚಿತ್ರಗಳಿಗೆ ಹೊಸದಲ್ಲ. ಶಂಕರ್‌ನಾಗ್ ಅವರು ನಿರ್ದೇಶಿಸಿದ ಪ್ರಥಮ ಚಿತ್ರ ‘ಮಿಂಚಿನ ಓಟ’ (೧೯೮೦)ದಲ್ಲಿ ವಾಹನಗಳ್ಳರಿದ್ದಾರೆ, ಸೆರೆಮನೆಯನ್ನು ಮುರಿಯುವ ಸಾಹಸವೂ ಇದೆ. ಅಲ್ಲಿ ಓಟಕ್ಕೇ ಪ್ರಾಧಾನ್ಯ, ಹೆಸರೇ ಹೇಳುವಂತೆ. ಇಲ್ಲಿಯಾದರೋ ಓಡಿದವನು ಒಂದು ಬಂಡಿಯಲ್ಲಿ ಕುಳಿತುಕೊಳ್ಳಬೇಕಾಗುತ್ತದೆ, ಕುಳಿತವನು ಮಾತಾಡಬೇಕಾಗುತ್ತದೆ, ಮಾತಾಡಿದವನು ಇತರರ ಗೋಳಿಗೆ ಕಿವಿಗೊಡಬೇಕಾಗುತ್ತದೆ. ಅಪರಾಧದ ಕಥೆ ಹೀಗೆ ಮೆಲ್ಲಗೆ ಸಹವಾಸದ ಕಥೆಯಾಗಿ ಮಾರ್ಪಡುತ್ತದೆ.

೪

ಪ್ರಾಚೀನ ಕಥೆಗಳ ಕಡೆಗೆ ಈಗ ತಿರುಗಬಹುದು. ಕೊಲ್ಲಬೇಕಾದವನೂ ಸಾಯಬೇಕಾದವನೂ ಮುಖಾಮುಖಿಯಾಗುವ ಸನ್ನಿವೇಶ ಕನ್ನಡಕ್ಕೆ ಬಹು ಪ್ರಿಯವಾದದ್ದು. ಮಕ್ಕಳು ಬಾಯಿಪಾಠ ಮಾಡುವ ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಕೊಟ್ಟ ಮಾತಿನಂತೆ ಹುಲಿಯ ಬಳಿಗೆ ತಾನಾಗಿ ಮರಳುತ್ತಾಳೆ. ಮನಸ್ಸು ಕರಗಿ ಪ್ರಾಣ ಬಿಡುವುದು ಹುಲಿ. ಜನ್ನನ ‘ಯಶೋಧರ ಚರಿತೆ’ (೧೨೦೯)ಯಲ್ಲಿ ತಳವಾರ ಚಂಡಕರ್ಮನು ಅಭಯರುಚಿ, ಅಭಯಮತಿ ಎಂಬ ಬಾಲ ತಪಸ್ವಿಗಳನ್ನು ಚಂಡಮಾರಿಯ ಗುಡಿಗೆ ಬಲಿಗಾಗಿ ತರುತ್ತಾನೆ. ಕತ್ತಿ ಹಿಡಿದ ಮಾರಿದತ್ತ ರಾಜನು ಅವರ ನಿರ್ಭಯವನ್ನು ಕಂಡು ಬೆರಗಾಗಿ ಕಾರಣ ಕೇಳುತ್ತಾನೆ. ಅವರು ತಮ್ಮ ಜನ್ಮಾಂತರಗಳ ಕಥೆ ಹೇಳುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ಬದಲಾದವನು ರಾಜ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಈ ಸನ್ನಿವೇಶ ಅತ್ಯಂತ ಕ್ರೂರವಾದ ರೂಪವನ್ನು ತಾಳುತ್ತದೆ. ಕಾಶಿಯ ಸುಡುಗಾಡನ್ನು ಕಾಯುವ ಹರಿಶ್ಚಂದ್ರನು ತನ್ನ ಹೆಂಡತಿ ಚಂದ್ರಮತಿಯ ಕೊರಳಿಗೇ ಕತ್ತಿ ಎತ್ತಬೇಕಾಗುತ್ತದೆ. ನೇಣುಗಾರನ ಕೆಲಸವನ್ನು ನಮ್ಮ ಕವಿಯೊಬ್ಬ ಸತ್ಯಸಂಧನಾದ ಚಕ್ರವರ್ತಿಯ ಕೈಗೇ ಕೊಟ್ಟು ನೋಡಿದ್ದಾನೆ!

ಈ ಮೂರು ಕಥೆಗಳಲ್ಲಿಯೂ ಗಮನಿಸಬೇಕಾದ ಒಂದು ಸಮಾನಧರ್ಮವಿದೆ. ಸಾಯಬೇಕಾಗಿ ಬಂದ ಜೀವ ನಿರಪರಾಧಿ. ಪುಣ್ಯಕೋಟಿ ತಪ್ಪು ಮಾಡಿಲ್ಲ; ಚಂದ್ರಮತಿಯ ಮೇಲಿನ ಆರೋಪ ಸುಳ್ಳು; ಅಭಯರುಚಿ, ಅಭಯಮತಿಯರ ಹಿಂದಿನ ದೋಷ ಜನ್ಮ ಜನ್ಮಗಳಲ್ಲಿ ಅನುಭವಿಸಿ ಸವೆದುಹೋಗಿದೆ. ಆದ್ದರಿಂದಲೇ ಕೊಲ್ಲುವವನ ಹೃದಯ ಪರಿವರ್ತನೆಯಿಂದ ಕಥೆ ಪೂರ್ಣವಾಗುತ್ತದೆ, ಅಥವಾ ದೈವವೇ ಬಂದು ಕತ್ತಿಯನ್ನು ತಡೆಯುತ್ತದೆ. ಓದುವವನ ಧರ್ಮಬುದ್ಧಿಗೆ ಎಲ್ಲಿಯೂ ಅತೃಪ್ತಿ ಉಳಿಯುವುದಿಲ್ಲ.

ಸ್ಯಾಂಡಲ್‌ರಾಜ ಹಾಗಲ್ಲ, ಅವನು ಅಪರಾಧಿ. ಅವನಿಗೆ ಹತ್ತಿರವಾದ ಪೂರ್ವಿಕನನ್ನು ಹುಡುಕಬೇಕಾದರೆ ‘ವಡ್ಡಾರಾಧನೆ’ಗೆ ಹೋಗಬೇಕು. ಅಲ್ಲಿಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನೆಂಬ ರಿಸಿಯ ಕಥೆಯೂ ಒಂದು. ಮಿಥಿಲೆಯಲ್ಲಿ ಯಮದಂಡನೆಂಬವನು ತಳಾರ. ವಿದ್ಯುಚ್ಚೋರನು ಹಗಲು ಕುಷ್ಠರೋಗಿಯ ವೇಷದಲ್ಲಿದ್ದು ರಾತ್ರಿ ಕಳ್ಳತನ ಮಾಡುವವನು. ಅರಸನ ಹಾರವನ್ನು ಕದ್ದ ಅವನನ್ನು ತಳಾರನು ಹಿಡಿದು ನಾನಾ ಬಗೆಯಲ್ಲಿ ದಂಡಿಸಿದರೂ ಅವನು ಬಾಯಿ ಬಿಡುವುದಿಲ್ಲ. ಕೊನೆಗೆ ತಿಳಿದುಬರುವ ಸಂಗತಿ ವಿಸ್ಮಯಕರವಾದದ್ದು: ಕಳ್ಳನೂ ತಳಾರನೂ ಬಾಲ್ಯದ ಗೆಳೆಯರು, ಕೂಡಿ ಕಲಿತವರು, ಒಬ್ಬನು ಕಳ್ಳರ ಶಾಸ್ತ್ರವನ್ನೂ ಮತ್ತೊಬ್ಬನು ತಳಾರರ ಶಾಸ್ತ್ರವನ್ನೂ ಓದಿಕೊಂಡವರು. ದಂಡಿಸುವವನು, ದಂಡನೆಗೆ ಒಳಗಾಗುವವನು ಇವರಿಬ್ಬರ ನಡುವೆ ಹುಟ್ಟಿನಿಂದ ಬಂದ ಭೇದವೇನೂ ಇಲ್ಲ, ಬೇರೆ ಬೇರೆ ಶಾಸ್ತ್ರಗಳನ್ನು ಕಲಿತದ್ದರಿಂದ ಆದ ಭೇದವಷ್ಟೆ ಎಂಬ ಈ ದರ್ಶನ ಸಾವಿರ ವರ್ಷಗಳ ಹಿಂದಿನ ಕನ್ನಡ ಗದ್ಯದ್ದು. ಜೀಪಿನಲ್ಲಿ ಅಕ್ಕಪಕ್ಕ ಕುಳಿತ ಇಬ್ಬರನ್ನು ಕಂಡಾಗ ನನಗೆ ನೆನಪಾದದ್ದು ಈ ಜೋಡಿಯೇ.

ಆದರೆ ವಿದ್ಯುಚ್ಚೋರನ ಕಥೆ ಗೆಳೆತನದ ಗುರುತಿನೊಡನೆ ಮುಗಿಯುವುದಿಲ್ಲ. ಅವನು ಮುಂದೆ ರಾಜ್ಯವನ್ನು ತೊರೆದು ದೀಕ್ಷೆ ಹಿಡಿದು, ಘೋರವಾದ ಉಪಸರ್ಗವನ್ನು ಸಹಿಸಿ ಮುಕ್ತಿ ಪಡೆಯುತ್ತಾನೆ. ಸಹವಾಸ ಬೇರೆ, ಪಾಪಕ್ಷಯ ಬೇರೆ ಎಂಬುದು ಹಳೆಯ ಕಥೆಗಾರನಿಗೆ ತಿಳಿದಿತ್ತು. ಮೇಲಾಗಿ ವಿದ್ಯುಚ್ಚೋರನ ಅಪರಾಧ ಕಳವು. ಕದ್ದ ಹಾರವನ್ನು ಹಿಂದಕ್ಕೆ ಕೊಡಬಹುದು. ತೆಗೆದ ಪ್ರಾಣವನ್ನು ಹಿಂದಕ್ಕೆ ಕೊಡಲು ಯಾವ ಶಾಸ್ತ್ರದಲ್ಲಿಯೂ ದಾರಿಯಿಲ್ಲ. ‘ರಾಮಾ ರಾಮಾ ರೇ’ ಎದುರಿಸಿದ ಕಾಠಿಣ್ಯ ಇದು. ಹಳೆಯ ಮಾದರಿಗಳಾವುವೂ ಅದಕ್ಕೆ ಪೂರ್ತಿಯಾಗಿ ನೆರವಾಗಲಾರವು.

೫

ಚಿತ್ರ ಈ ಕಾಠಿಣ್ಯವನ್ನು ಎದುರಿಸಲು ಹೂಡಿದ ಉಪಾಯವೇ ದಾರಿ. ಊರಿನಲ್ಲಿ ಮನುಷ್ಯನಿಗೆ ಜಾತಿ, ಮನೆತನ, ಪೂರ್ವೋತ್ತರ ಎಲ್ಲವೂ ಉಂಟು. ದಾರಿಯಲ್ಲಿ ಅವನು ಬರಿಯ ಪಯಣಿಗ. ಎಲ್ಲಿಗೆ ಹೋಗಬೇಕೆಂದು ಕೇಳುವುದು ವಾಡಿಕೆ. ಏನು ಮಾಡಿ ಬಂದೆಯೆಂದು ಯಾರೂ ಕೇಳುವುದಿಲ್ಲ. ನಮ್ಮ ನಾಡಿನ ಬಯಲುಸೀಮೆಯನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ೧೯೫೬ರಲ್ಲಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದಿನಿಂದ ಬೇರೆಯಾದರೂ ಆ ಕಡೆಗೆ ಹೋಗಿಬರುವ ನಮ್ಮ ಪ್ರಯಾಣ ನಿಂತಿಲ್ಲ. ಮೈಲಿಗಟ್ಟಲೆ ನೆರಳಿಲ್ಲದ ರಸ್ತೆ, ಕೈ ಅಡ್ಡ ಮಾಡಿದವರನ್ನು ಹತ್ತಿಸಿಕೊಳ್ಳುವ ಬಂಡಿ, ಪಕ್ಕದವನ ಬುತ್ತಿಯಲ್ಲಿ ಪಾಲು: ಇವು ಅಲ್ಲಿಯ ಬದುಕಿನ ಮರ್ಯಾದೆಗಳು. ಚಿತ್ರದಲ್ಲಿ ಭೂಮಿಯೂ ಆಕಾಶವೂ ಮಾತ್ರ ಕಾಣುವ ದೃಶ್ಯಗಳು ಬಂದಾಗ ಪ್ರೇಕ್ಷಕನಿಗೆ ಬೇಸರವಾಗದಿರುವುದಕ್ಕೆ ಕಾರಣ, ಆ ಶೂನ್ಯದಲ್ಲಿ ಯಾರೇ ಬಂದರೂ ಅವರು ಬಂಧುವಿನಂತೆ ಕಾಣುವುದು.

ಪ್ರೇಮಿಗಳ ಪ್ರಸಂಗವನ್ನು ಕೆಲವರು ಕೇವಲ ಹಾಸ್ಯಕ್ಕಾಗಿ ಸೇರಿಸಿದ್ದೆಂದು ಭಾವಿಸುವುದುಂಟು. ಆ ಅಭಿಪ್ರಾಯ ಸರಿಯೆಂದು ತೋರುವುದಿಲ್ಲ. ಓಡುವವರು ಅವರೂ ಹೌದು, ಕೈದಿಯೂ ಹೌದು. ಅವರು ಓಡುವುದು ಬದುಕನ್ನು ಆರಂಭಿಸುವುದಕ್ಕೆ, ಇವನು ಓಡುವುದು ಬದುಕು ಮುಗಿಯದಿರಲೆಂದು. ಎರಡು ಓಟಗಳೂ ಒಂದೇ ಬಂಡಿಯಲ್ಲಿ ಸೇರಿದಾಗ, ತನ್ನ ಪ್ರಾಣದ ಚಿಂತೆಯೊಂದನ್ನೇ ಹೊತ್ತಿದ್ದವನಿಗೆ ಇತರರ ಪ್ರಾಣದ, ಇತರರ ಸುಖದ ಚಿಂತೆ ಅಂಟಿಕೊಳ್ಳುತ್ತದೆ. ಧರ್ಮಣ್ಣ ಕಡೂರು ಅವರ ಲವಲವಿಕೆ ಈ ಪರಿವರ್ತನೆಯನ್ನು ಭಾರವಿಲ್ಲದೆ ಸಾಧಿಸಲು ಸಹಾಯಕವಾಗಿದೆ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಭಯವು ಹಾಸ್ಯದ ಮೂಲಕ ಹಾದು ಕರುಣದ ಕಡೆಗೆ ಸಾಗುತ್ತದೆ.

ನಮ್ಮ ನ್ಯಾಯಪದ್ಧತಿಯಲ್ಲಿಯೂ ಇಂಥ ಒಂದು ಅವಕಾಶದ ಕಲ್ಪನೆಯಿದೆಯೆಂಬುದು ಇಲ್ಲಿ ಸ್ಮರಣೀಯ. ಮರಣದಂಡನೆ ವಿರಳಾತಿವಿರಳ ಪ್ರಕರಣಗಳಿಗೆ ಮಾತ್ರ ಸೀಮಿತವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೮೦ರಲ್ಲಿ ವಿಧಿಸಿತು. ೨೦೧೪ರ ಜನವರಿಯ ತೀರ್ಪೊಂದರಲ್ಲಿ ಅದೇ ನ್ಯಾಯಾಲಯ, ಕ್ಷಮಾದಾನದ ಅರ್ಜಿ ತಿರಸ್ಕೃತವಾದ ಸುದ್ದಿ ಕೈದಿಗೆ ತಿಳಿದ ಮೇಲೆ ಗಲ್ಲಿಗೇರಿಸುವುದಕ್ಕೆ ಕನಿಷ್ಠ ಹದಿನಾಲ್ಕು ದಿನಗಳ ಅಂತರವಿರಬೇಕೆಂದು ಹೇಳಿತು. ಮನಸ್ಸನ್ನು ಅಣಿಗೊಳಿಸಿಕೊಳ್ಳಲು, ದೇವರೊಡನೆ ಸಮಾಧಾನ ಮಾಡಿಕೊಳ್ಳಲು, ಉಯಿಲು ಬರೆಯಲು, ಮನೆಯವರನ್ನು ಕೊನೆಯ ಬಾರಿ ಕಾಣಲು ಆ ಕಾಲ. ಅಂದರೆ, ಸಾಯಲಿರುವವನಿಗೂ ಮುಗಿಸಬೇಕಾದ ಮನುಷ್ಯ ವ್ಯವಹಾರಗಳಿವೆಯೆಂದು ಕಾನೂನು ಒಪ್ಪಿಕೊಂಡಿದೆ. ಚಿತ್ರದ ಕೈದಿ ತನಗೆ ತಾನೇ ಅಂಥ ಅವಧಿಯೊಂದನ್ನು ಕದ್ದುಕೊಂಡಿದ್ದಾನೆ. ತಪ್ಪಿಸಿಕೊಂಡದ್ದು ಸಾವಿನಿಂದ ಎಂದು ಅವನು ತಿಳಿದಿದ್ದರೂ, ಅವನ ಕೈಗೆ ನಿಜವಾಗಿ ಸಿಕ್ಕಿದ್ದು ಸಾಯುವ ಮುನ್ನ ನಾಲ್ಕು ಜನರೊಡನೆ ಕಳೆಯುವ ಕಾಲ. ಆ ಕಾಲದ ಬೆಲೆಯನ್ನು ಪ್ರೇಕ್ಷಕನಿಗೆ ಅರಿವು ಮಾಡಿಕೊಡುವಲ್ಲಿ ಚಿತ್ರ ಸಂಪೂರ್ಣವಾಗಿ ಗೆದ್ದಿದೆ. ನಾನು ಮೊದಲು ಎತ್ತಿದ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಚಿತ್ರದ ಉತ್ತರ ‘ಹೌದು’ ಎಂಬುದು; ಆ ಉತ್ತರವನ್ನು ಅದು ಮಾತಿನಿಂದ ಹೇಳದೆ ಸನ್ನಿವೇಶಗಳಿಂದ ಸಾಧಿಸಿದೆ.

೬

ಇನ್ನು ಎರಡನೆಯ ಪ್ರಶ್ನೆ. ಬೇಗಂ ಬಜಾರಿನ ವ್ಯವಹಾರದಿಂದ ಒಂದು ಮಾತನ್ನು ಎರವಲು ಪಡೆದರೆ ವಾಚಕರು ಕ್ಷಮಿಸಬೇಕು. ಜಮಾ, ಖರ್ಚು, ಬಾಕಿ, ವಸೂಲಿ, ವಜಾ, ಮನ್ನಾ ಮೊದಲಾದ ಪದಗಳು ಪಾರಸಿ, ಅರಬ್ಬಿಗಳಿಂದ ರಾಜ್ಯಭಾರದ ಮೂಲಕ ಕನ್ನಡಕ್ಕೆ ಇಳಿದವು. ಈ ಪೇಟೆಯ ಬಹಿಖಾತೆಗಳಲ್ಲಿ ಅವು ಈಗಲೂ ಜೀವಂತವಾಗಿವೆ. ಇವುಗಳಲ್ಲಿ ಕಡೆಯ ಎರಡನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಬ್ಯಾಂಕಿನ ಲೆಕ್ಕದಲ್ಲಿ ಅವು ಬೇರೆ. ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಆಸ್ತಿಪಟ್ಟಿಯಿಂದ ಕಳೆದುಹಾಕುವುದುಂಟು. ಇದನ್ನು ವಜಾ ಎನ್ನೋಣ. ಪಟ್ಟಿಯಲ್ಲಿ ಸಾಲ ಕಾಣುವುದಿಲ್ಲ. ಆದರೆ ಸಾಲಗಾರನ ಹೊಣೆ ಹೋಗುವುದಿಲ್ಲ, ಬ್ಯಾಂಕಿನ ಹಕ್ಕೂ ಹೋಗುವುದಿಲ್ಲ. ಮನ್ನಾ ಎಂದರೆ ಸಾಲ ಕೊಟ್ಟವನೇ ಮನಸ್ಸಾರೆ ತನ್ನ ಹಕ್ಕನ್ನು ಬಿಟ್ಟುಕೊಡುವುದು. ವಜಾವನ್ನು ಲೆಕ್ಕ ಬರೆಯುವವನು ಮಾಡಬಹುದು. ಮನ್ನಾ ಮಾಡುವ ಅಧಿಕಾರ ಸಾಲ ಕೊಟ್ಟವನಿಗೆ ಮಾತ್ರ.

ದಾರಿಯ ಸಹವಾಸ ಕೈದಿಗೆ ಕೊಡುವುದು ವಜಾ. ಪಯಣದ ಪಟ್ಟಿಯಲ್ಲಿ ಅವನ ಅಪರಾಧ ಕಾಣುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಅವನು ಒಳ್ಳೆಯ ಜೊತೆಗಾರ. ನೋಡುತ್ತಿರುವ ನಮಗೂ ಹಾಗೆಯೇ ಕಾಣುತ್ತಾನೆ. ಇದರಲ್ಲಿ ತಪ್ಪಿಲ್ಲ. ಆದರೆ ನಾವು ಇದನ್ನು ಮನ್ನಾ ಎಂದು ತಿಳಿದುಬಿಡುವ ಅಪಾಯವಿದೆ. ಜೀಪಿನಲ್ಲಿ ನೇಣುಗಾರನಿಗೆ ಸ್ಥಳವಿದೆ, ಪ್ರೇಮಿಗಳಿಗೆ ಸ್ಥಳವಿದೆ, ದಾರಿಹೋಕರಿಗೆ ಸ್ಥಳವಿದೆ. ಇವನ ಅಪರಾಧಕ್ಕೆ ಬಲಿಯಾದ ಜೀವಕ್ಕೆ ಮಾತ್ರ ಅಲ್ಲಿ ಸ್ಥಳವಿಲ್ಲ. ಮನ್ನಾ ಮಾಡುವ ಅಧಿಕಾರವಿದ್ದದ್ದು ಆ ಒಂದು ಜೀವಕ್ಕೆ. ಅದು ಇಲ್ಲವಾದ ಮೇಲೆ ಈ ಖಾತೆಯನ್ನು ಯಾರೂ ಮುಚ್ಚಲಾರರು: ನೇಣುಗಾರನ ಸ್ನೇಹವೂ ಮುಚ್ಚಲಾರದು, ವಿಚಾರ ಮಾಡಿ ನೋಡಿದರೆ ನೇಣಿನ ಹಗ್ಗವೂ ಮುಚ್ಚಲಾರದು. ಮರಣದಂಡನೆಯನ್ನು ವಿರೋಧಿಸುವವರೂ ಸಮರ್ಥಿಸುವವರೂ ಈ ಎರಡನೆಯ ಮಾತನ್ನು ಸಮನಾಗಿ ಮರೆಯುತ್ತಾರೆ.

‘ಯಶೋಧರ ಚರಿತೆ’ಯ ಬಿಗಿ ಇಲ್ಲಿ ನೆನಪಿಗೆ ಬರುತ್ತದೆ. ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿ. ಅಷ್ಟಕ್ಕೇ ಅವನೂ ಅವನ ತಾಯಿಯೂ ಜನ್ಮ ಜನ್ಮಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ, ತಾವೇ ಬಲಿಯಾಗಿ, ಕೊಲ್ಲಿಸಿಕೊಂಡ ಜೀವದ ನೋವೆಂಥದೆಂದು ಮೈಯಲ್ಲೇ ತಿಳಿಯಬೇಕಾಯಿತು. ಇಂದಿನ ಪ್ರೇಕ್ಷಕನಿಗೆ ಜನ್ಮಾಂತರದ ಲೆಕ್ಕದಲ್ಲಿ ನಂಬಿಕೆಯಿಲ್ಲದಿರಬಹುದು. ಆದರೂ ಆ ಕಾವ್ಯದ ಧರ್ಮಸೂಕ್ಷ್ಮ ಸ್ಪಷ್ಟವಾಗಿದೆ: ಕೊಂದವನ ಉದ್ಧಾರ ಕೊಲೆಯಾದವನ ನೋವಿನ ಮೂಲಕವೇ ಹಾದುಹೋಗಬೇಕು, ಬಳಸುದಾರಿ ಇಲ್ಲ. ‘ರಾಮಾ ರಾಮಾ ರೇ’ಯಲ್ಲಿ ಕೈದಿ ಇತರರ ನೋವನ್ನು ಅರಿಯುತ್ತಾನೆ, ಆ ಒಂದು ನೋವಿನ ಮುಂದೆ ಅವನನ್ನು ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಬೇಕಾಗಿತ್ತೆಂಬುದು ನನ್ನ ಆಕ್ಷೇಪಣೆ. ಇದು ಚಿತ್ರದ ಮಹತ್ವವನ್ನು ಕುಗ್ಗಿಸುವ ಮಾತಲ್ಲ. ಆ ಮಹತ್ವಕ್ಕೆ ತಕ್ಕ ಬೇಡಿಕೆ.

೭

ಹೈದರಾಬಾದಿನ ನಮಗೆ ಈ ಚಿತ್ರವನ್ನು ಎರಡು ಭಾಷೆಗಳಲ್ಲಿ ನೋಡುವ ಅನುಕೂಲ ಒದಗಿದೆ. ೨೦೧೮ರಲ್ಲಿ ಇದು ‘ಆಟಗದರಾ ಶಿವ’ ಎಂಬ ಹೆಸರಿನಿಂದ ತೆಲುಗಿಗೆ ಬಂತು. ನಿರ್ಮಾಪಕರು ಕನ್ನಡದವರೇ ಆದ ರ‍ಾಕ್‌ಲೈನ್ ವೆಂಕಟೇಶ್; ನಿರ್ದೇಶಕರು ಚಂದ್ರ ಸಿದ್ಧಾರ್ಥ; ಕೈದಿಯ ಪಾತ್ರದಲ್ಲಿ ಉದಯ್ ಶಂಕರ್, ನೇಣುಗಾರನ ಪಾತ್ರದಲ್ಲಿ ನಮ್ಮ ದೊಡ್ಡಣ್ಣ. ಚಂದ್ರ ಸಿದ್ಧಾರ್ಥರಿಗೆ ಸಾವಿನ ವಸ್ತು ಹೊಸದಲ್ಲ. ಅವರ ‘ಆ ನಲುಗುರು’ (೨೦೦೪) ಚಿತ್ರದಲ್ಲಿ ಸತ್ತವನೊಬ್ಬನ ಆತ್ಮ ತನ್ನ ಶವದ ಸುತ್ತ ನಡೆಯುವುದನ್ನೆಲ್ಲ ನೋಡುತ್ತದೆ; ಹೆಣ ಹೊರಲು ನಾಲ್ವರನ್ನಾದರೂ ಸಂಪಾದಿಸಿದ್ದೇನೆಯೇ ಎಂಬುದು ಅಲ್ಲಿಯ ಪ್ರಶ್ನೆ. ಆ ಕಥೆ ೨೦೦೬ರಲ್ಲಿ ವಿಷ್ಣುವರ್ಧನ್ ಅವರ ‘ಸಿರಿವಂತ’ವಾಗಿ ಕನ್ನಡಕ್ಕೆ ಬಂದಿತ್ತು. ತೆಲುಗಿನಿಂದ ಕನ್ನಡಕ್ಕೆ ಒಂದು, ಕನ್ನಡದಿಂದ ತೆಲುಗಿಗೆ ಒಂದು: ಎರಡು ನೆರೆಯ ಭಾಷೆಗಳು ಸಾವಿನ ಕಥೆಗಳನ್ನು ಹೀಗೆ ಕೊಟ್ಟುಕೊಂಡಿರುವುದು ಚಿತ್ರಚರಿತ್ರೆಯಲ್ಲಿ ಗಮನಿಸತಕ್ಕ ಸಂಗತಿ.

ಆದರೆ ಹೆಸರು ಬದಲಾದಾಗ ಭಾವವೂ ಬದಲಾಗಿದೆ. ‘ಆಟಗದರಾ ಶಿವ’ ಎಂದರೆ ‘ಇದೆಲ್ಲ ಆಟವಲ್ಲವೇ ಶಿವನೇ’ ಎಂದರ್ಥ. ತನಿಕೆಳ್ಳ ಭರಣಿಯವರ ಪ್ರಸಿದ್ಧವಾದ ಶಿವಪದಗಳಿಗೂ ಇದೇ ಹೆಸರು. ಹುಟ್ಟುಸಾವುಗಳು ಈಶ್ವರನ ಲೀಲೆ ಎಂಬ ದೊಡ್ಡ ಸಮಾಧಾನ ಆ ಹೆಸರಿನಲ್ಲಿಯೇ ಅಡಗಿದೆ. ಕೊಲ್ಲುವವನೂ ಆಟಗಾರ, ಸಾಯುವವನೂ ಆಟಗಾರ ಎಂದ ಮೇಲೆ ಬಾಕಿಯ ಪ್ರಶ್ನೆ ಎಲ್ಲಿ ಉಳಿಯಿತು? ಕನ್ನಡದ ಹೆಸರು ಇಷ್ಟು ದೂರ ಹೋಗುವುದಿಲ್ಲ. ‘ರಾಮಾ ರಾಮಾ’ ಎಂಬುದು ತತ್ವವಲ್ಲ, ನಿಟ್ಟುಸಿರು. ಅದರಲ್ಲಿ ಉತ್ತರವಿಲ್ಲ, ಉತ್ತರ ಸಿಕ್ಕಿತೆಂಬ ನಟನೆಯೂ ಇಲ್ಲ. ಅಲ್ಲದೆ ದೊಡ್ಡಣ್ಣನವರು ನಮಗೆ ದಶಕಗಳಿಂದ ಪರಿಚಿತರು. ಅವರು ತೆರೆಗೆ ಬಂದೊಡನೆ ಭಯ ಅರ್ಧ ಇಳಿಯುತ್ತದೆ. ಜಯರಾಮ್ ಅವರ ಅಷ್ಟಾಗಿ ಪರಿಚಿತವಲ್ಲದ ಮುಖ ಕಡೆಯವರೆಗೂ ಒಂದಿಷ್ಟು ಅನುಮಾನವನ್ನು ಉಳಿಸಿಕೊಳ್ಳುತ್ತದೆ. ಈ ಕಾರಣಗಳಿಂದ ಮೂಲವೇ ಮೇಲೆಂದು ನನ್ನ ಅಭಿಪ್ರಾಯ. ತೆಲುಗಿನ ಕೃತಿಯೂ ಗೌರವಕ್ಕೆ ಅರ್ಹವಾದದ್ದೇ.

ಚಿತ್ರದ ನಿರ್ದೇಶಕರು ಮುಂದೆ ‘ಒಂದಲ್ಲಾ ಎರಡಲ್ಲಾ’ (೨೦೧೮) ಚಿತ್ರದಲ್ಲಿ ಕಳೆದುಹೋದ ಹಸುವನ್ನು ಹುಡುಕಿಕೊಂಡು ಹೊರಟ ಬಾಲಕನ ಕಥೆಯನ್ನು ಹೇಳಿ, ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಅಲ್ಲಿಯೂ ದಾರಿ, ಅಲ್ಲಿಯೂ ಅಪರಿಚಿತರ ಸಹವಾಸ. ಮನುಷ್ಯನನ್ನು ಅವನ ಖಾತೆಯ ಶೀರ್ಷಿಕೆಯಿಂದ ಬಿಡಿಸಿ, ದಾರಿಯ ಮೇಲೆ ನಿಲ್ಲಿಸಿ ನೋಡುವುದು ಇವರ ದೃಷ್ಟಿಯ ವಿಶೇಷವೆಂದು ಈ ಎರಡು ಕೃತಿಗಳಿಂದ ಹೇಳಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ‘ರಾಮಾ ರಾಮಾ ರೇ’ ಸಾಯಲಿರುವ ಅಪರಾಧಿಗೆ ಮನುಷ್ಯರ ನಡುವೆ ಒಂದು ಸ್ಥಳವನ್ನು ಮರಳಿ ಕೊಟ್ಟಿದೆ. ವಿದ್ಯುಚ್ಚೋರ, ಯಮದಂಡರ ಗೆಳೆತನದಲ್ಲಿ ಹಳಗನ್ನಡದ ಕಥೆಗಾರ ಕಂಡ ಸತ್ಯವನ್ನು ಅದು ಇಂದಿನ ರಸ್ತೆಯ ಮೇಲೆ ಮತ್ತೆ ಕಂಡಿದೆ. ಅವನ ಬಾಕಿ ತೀರಿತೆಂದು ನಂಬುವುದಾಗಲಿ ನಂಬದಿರುವುದಾಗಲಿ ಪ್ರೇಕ್ಷಕನ ವಿವೇಕಕ್ಕೆ ಬಿಟ್ಟದ್ದು. ಚಿತ್ರವನ್ನು ನೋಡುವ ವಾಚಕರು ಜೀಪಿನಲ್ಲಿರುವವರನ್ನು ಪ್ರೀತಿಯಿಂದ ನೋಡಲಿ. ಜೀಪಿನಲ್ಲಿಲ್ಲದ ಆ ಒಬ್ಬರನ್ನೂ ಒಂದು ಕ್ಷಣ ನೆನೆಯಲಿ ಎಂಬುದು ನನ್ನ ವಿನಂತಿ.